ಮೂವತ್ತೆರಡು ಮರಿಗಳ ಸ್ಥಳಾಂತರ

ದಿಗ್ಗೇವಾಡಿಯ ಹಾಲಸಿದ್ದ ತನ್ನ ಸ್ವಂತ ಪಡಸಾಲೆಯಲ್ಲಿ ಕಾಲು ಚಾಚಿ ಕೂಡಲಾಗದೆ ಐದು ವಾರಗಳಾಗಿದ್ದವು. ಅಲ್ಲಿ ಮೂವತ್ತೆರಡು ಕೋಳಿಮರಿಗಳು ವಾಸವಾಗಿದ್ದವು.

ಹೆಂಡತಿ ಶಿವಗಂಗವ್ವ ರಾಯಬಾಗದ ಸಂತೆಯಿಂದ ಅವನ್ನು ಬುಟ್ಟಿಯಲ್ಲಿ ತಂದಾಗ ಒಂದೊಂದೂ ಲಿಂಬೆಹಣ್ಣಿನಷ್ಟಿತ್ತು. ಮೂಲೆಗೆ ತಗಡು ಅಡ್ಡ ಇಟ್ಟು, ಮೇಲೊಂದು ಬಲ್ಬು ಇಳಿಬಿಟ್ಟು, ಆಕೆ ಅವಕ್ಕೊಂದು ಅರಮನೆ ಮಾಡಿಕೊಟ್ಟಿದ್ದಳು. ಈಗ ಅವಕ್ಕೆ ರೆಕ್ಕೆ ಬಂದಿತ್ತು, ತಗಡು ಹಾರುವ ವಿದ್ಯೆಯೂ ಬಂದಿತ್ತು. ಟಿ.ವಿ.ಯ ಮೇಲೆ ಎರಡು, ದೇವರ ಜಗಲಿಯಲ್ಲಿ ಒಂದು, ಹಾಲಸಿದ್ದನ ರುಮಾಲಿನ ಮೇಲೆ ಒಂದು. (ರುಮಾಲಿನ ಮೇಲಿನದು ಸುಮ್ಮನೆ ಕೂತಿರಲಿಲ್ಲ, ಹೆಚ್ಚು ವಿವರ ಬೇಡ.)

ಆ ದಿನ ಮಧ್ಯಾಹ್ನ ಒಂದು ಮರಿ ನೇರವಾಗಿ ಅವನ ಸಾರಿನ ಬಟ್ಟಲಿಗೆ ಇಳಿಯಿತು.

"ಇದೇನ ಮನಿ ಐತೋ, ಕೋಳಿ ಫಾರಮ್ ಐತೋ?" ಹಾಲಸಿದ್ದ ಗುಡುಗಿದ. "ಇವತ್ತ ಹೊತ್ತು ಮುಳುಗೂದ್ರಾಗ ಎಲ್ಲಾ ಹೊರಗ!"

"ಏನ್ರಿ ನೀವು, ಬಿಸಿ ಸಾರು ಹಂಗಾ ಇಟಗೊಂಡು ಕುಂದರತೀರಿ! ಪಾಪ, ಕಾಲ ಸುಟ್ಟಿತಂದ್ರ?" ಶಿವಗಂಗವ್ವ ಮರಿಯ ಕಾಲನ್ನು ಸೆರಗಿನಿಂದ ಒರೆಸಿದಳು. ಗಂಡನ ಅಂಗಿ ಒರೆಸುವ ಮಾತು ಬರಲಿಲ್ಲ. "ಹೊರಗ ಥಂಡಿ ಹೆಂಗ ಬಿಟ್ಟೈತಿ ನೋಡೀರಿ? ಇನ್ನೆಂಟ ದಿನ ತಡೀರಿ."

ಆಕೆಯ ಹೆದರಿಕೆಗೆ ಕಾರಣವಿತ್ತು. ಹೋದ ವರ್ಷ ಇದೇ ಚಳಿಯಲ್ಲಿ ಬೀಗರು ಬರುತ್ತಾರೆಂದು ಮರಿಗಳನ್ನು ಅವಸರದಿಂದ ಹೊರಗೆ ಹಾಕಿದ್ದಳು. ಬೆಳಗಾಗುವಷ್ಟರಲ್ಲಿ ಹತ್ತೊಂಬತ್ತು ಸತ್ತಿದ್ದವು. ಆಗ ಹಾಲಸಿದ್ದ ಕುರಿಗಳ ಜೊತೆ ಊರೂರು ತಿರುಗುತ್ತಿದ್ದ. ಮನೆಗೆ ಬಂದಾಗ ಹೆಂಡತಿ ಎರಡು ದಿನದಿಂದ ಊಟ ಬಿಟ್ಟು ಕುಳಿತಿದ್ದಳು. ಏನಾಯಿತೆಂದು ಅವಳು ಬಿಡಿಸಿ ಹೇಳಲಿಲ್ಲ, ಅವನೂ ಕೆದಕಲಿಲ್ಲ.

ಮೊಣಕಾಲು ಕೈಕೊಟ್ಟ ಮೇಲೆ ಅವನು ಕುರಿಗಳನ್ನು ತಮ್ಮ ಬೀರದೇವನಿಗೆ ಒಪ್ಪಿಸಿ ಮನೆ ಸೇರಿದ್ದ. ಕುರಿ ಹೋದರೂ ಕುರಿಗಾರನ ಗತ್ತು ಹೋಗಿರಲಿಲ್ಲ.

"ಮೂವತ್ತ ವರ್ಷ ಬಯಲಾಗ ಕುರಿ ಕಾದಾಂವ ನಾ. ನನಗ ಥಂಡಿ ಪಾಠ ಹೇಳಬ್ಯಾಡ. ಒಂದು ಮರಿ ಹೋದ್ರ ಕೇಳು!"

ಶಿವಗಂಗವ್ವ ಮರಿಯನ್ನು ಅವನ ಅಂಗೈಯಲ್ಲಿ ಇಟ್ಟಳು. "ಆತು. ನಿಮ್ಮ ಕೈಯಾಗ ಕೊಡತೇನಿ. ಎಣಿಸಿ ತಗೋರಿ, ಎಣಿಸಿ ಕೊಡ್ರಿ."

ಹಾಲಸಿದ್ದ ಮುಖ್ಯ ಇಂಜಿನಿಯರನ ಠೀವಿಯಲ್ಲಿ ಕೆಲಸಕ್ಕಿಳಿದ. ಹಿತ್ತಲ ಗೋಡೆಗೆ ಹೊಂದಿಸಿ ಸೊಂಟದೆತ್ತರದ ಗೂಡು ಎದ್ದಿತು. ಮೇಲೆ ತಗಡಿನ ಪತ್ರಾ, ಮುಂದೆ ಜಾಲರಿ, ನೆಲಕ್ಕೆ ಕಬ್ಬಿನ ಒಣ ಗರಿಯ ರವದಿ, ಕೃಷ್ಣೆಯ ಕಡೆಯಿಂದ ಬೀಸುವ ಗಾಳಿಗೆ ಗೋಣಿತಟ್ಟಿನ ಪರದೆ. ಬಾಗಿಲು ಮಾತ್ರ ಸ್ವಲ್ಪ ಚಿಕ್ಕದಾಯಿತು. (ಕೋಳಿಗಳಿಂದ ಆಕ್ಷೇಪಣೆ ಬಂದಿರಲಿಲ್ಲ.)

ಹೊತ್ತು ಇಳಿಯುವಾಗ ಸ್ಥಳಾಂತರ ಮುಗಿಯಿತು. ಮರಿಗಳು ಕತ್ತೆತ್ತಿ ಬಲ್ಬು ಹುಡುಕಿದವು, ಸಿಗಲಿಲ್ಲ. ತಣ್ಣನೆಯ ಗಾಳಿಯೊಂದು ಜಾಲರಿಯಲ್ಲಿ ನುಸುಳಿತು. ಮೊದಲು ಒಂದು, ಆಮೇಲೆ ನಾಲ್ಕು, ಕೊನೆಗೆ ಎಲ್ಲವೂ ಚಿಂವ್‌ಗುಟ್ಟುತ್ತ ಗೋಡೆಯ ಮೂಲೆಗೆ ಓಡಿ, ಒಂದರ ಮೇಲೊಂದು ಏರಿ ಒತ್ತಿಕೊಂಡವು.

ಹಾಲಸಿದ್ದನ ಎದೆ ಉಬ್ಬಿತು. ಕುರಿಗಾರನಿಗೆ ಇದಕ್ಕಿಂತ ಚಂದದ ನೋಟವಿಲ್ಲ. ಹಟ್ಟಿಯಲ್ಲಿ ಕುರಿಗಳು ಒತ್ತೊತ್ತಾಗಿ ಮಲಗಿದವೆಂದರೆ ಅವನು ನಿಶ್ಚಿಂತೆಯಿಂದ ಕಂಬಳಿ ಹೊದೆಯಬಹುದು. ಗುಂಪು ಬಿಟ್ಟು ಅಡ್ಡಾಡುತ್ತಿದ್ದ ಮೂರು ಮರಿಗಳನ್ನು ಅವನೇ ಕೈಹಾಕಿ ರಾಶಿಯ ಮೇಲೆ ಪ್ರೀತಿಯಿಂದ ಇಟ್ಟ.

"ಏ, ಬಾಬೇ ಇಲ್ಲಿ! ನೋಡ್ಬಾ, ಹೆಂಗ ಒಂದಾಗಿ ಮಲಗ್ಯಾವ! ಅಗದೀ ಕುರಿ ಹಂಗ!"

ನುಚ್ಚಿನ ಡಬ್ಬಿ ಹಿಡಿದು ಬಂದ ಶಿವಗಂಗವ್ವನ ಕೈಯಿಂದ ಡಬ್ಬಿ ಜಾರಿತು.

"ಅಯ್ಯಯ್ಯ, ಎಳೀರಿ ಅವನ್ನ! ತಳದಾಗಿನವು ಉಸಿರುಗಟ್ಟಿ ಸಾಯತಾವ! ಹ್ವಾದ ವರ್ಷ ಹತ್ತೊಂಬತ್ತೂ ಹಿಂಗಾ ಹೋದುವ್ರಿ, ಮೂಲ್ಯಾಗ!"

ಹಾಲಸಿದ್ದ ಎರಡೂ ಕೈ ಊರಿ ಬಾಗಿಲಲ್ಲಿ ನುಗ್ಗಿದ. ತಲೆ ಪತ್ರಾಕ್ಕೆ ಬಡಿದು ಜಾಗಟೆಯ ಸದ್ದಾಯಿತು. ಒಂದನ್ನು ಎಳೆದು ಆಚೆ ಬಿಟ್ಟರೆ ಎರಡು ಮರಳಿ ಏರುತ್ತಿದ್ದವು. ಕೊನೆಗೆ ತಳ ಕಂಡಿತು. ಅಲ್ಲಿ ಮೂರು ಚಪ್ಪಟೆಯಾಗಿ ಬಿದ್ದಿದ್ದವು. ಅಲುಗಾಡಿಸಿದಾಗ ಎರಡು ಎದ್ದವು. ಮೂರನೆಯದರ ಕುತ್ತಿಗೆ ಅವನ ಅಂಗೈಯಿಂದ ಕೆಳಗೆ ಜೋತುಬಿತ್ತು.

ಶಿವಗಂಗವ್ವ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಜಾಲರಿ ಹಿಡಿದು ಕುಕ್ಕರಿಸಿದಳು. ಹೋದ ವರ್ಷವೂ ಹೀಗೇ ಒಬ್ಬಳೇ ಕುಳಿತಿರಬೇಕು ಎಂದು ಅವನಿಗೆ ಈಗ ಹೊಳೆಯಿತು.

ಚಳಿಗೆ ಸೆಟೆದ ಎಳೆ ಕುರಿಮರಿಗೆ ಏನು ಮಾಡಬೇಕೆಂದು ಮಾತ್ರ ಅವನಿಗೆ ಗೊತ್ತಿತ್ತು. ಗೂಡಿನೊಳಗೇ ಕುಳಿತು, ಗುಂಡಿ ಬಿಚ್ಚಿ ಮರಿಯನ್ನು ಬರಿ ಎದೆಗೆ ಒತ್ತಿಕೊಂಡು, ಹೆಗಲ ಮೇಲಿನ ಕಂಬಳಿಯನ್ನು ಮೇಲೆ ಎಳೆದು, ಬೆರಳಿನಿಂದ ಮೆಲ್ಲಗೆ ತಿಕ್ಕತೊಡಗಿದ.

ಆಗಲೇ ಪಕ್ಕದ ಮನೆಯ ಭೀಮಾಬಾಯಿ ಗೋಡೆಯಾಚೆಯಿಂದ ಇಣುಕಬೇಕೆ! "ಏನೋ ಮಾಮಾ, ಎದಿ ಹಿಡಕೊಂಡ ಕುಂತೀದಿ? ಗಾಡಿ ಹೇಳಲೇನ ದವಾಖಾನಿಗೆ?"

"ಸುಮ್ನ ಇರಬೇ ಭೀಮಾಬಾಯಿ!"

"ಮಾಮಾ ಕೋಳಿಗೂಡಿನ್ಯಾಗ ಯಾಕ ಹೊಕ್ಕಾನ ಗಂಗಕ್ಕಾ? ಹೊರಗ ಹಾಕಿದ್ಯೇನ?"

ಯಾರೂ ನಗಲಿಲ್ಲ. ಭೀಮಾಬಾಯಿಯೂ ಗೋಡೆಗೆ ಮೊಣಕೈ ಊರಿ ನಿಂತಳು. ಮೂವರೂ ಒಂದು ಕಂಬಳಿಯ ಉಬ್ಬನ್ನೇ ನೋಡುತ್ತಿದ್ದರು. ಬೆಳಕು ಕಂದಿತು. ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಯಿತು. ಇನ್ನೂ ಏನೂ ಇಲ್ಲ.

ಇದ್ದಕ್ಕಿದ್ದಂತೆ ಹಾಲಸಿದ್ದ, "ಆಂ!" ಎಂದು ಚೀರಿದ.

"ಏನಾತ್ರಿ?"

"ಗೀರಿತಬೇ! ಉಗುರಲೇ ಗೀರಿತು!"

ಕಂಬಳಿಯ ಅಂಚಿನಲ್ಲಿ ಒಂದು ಕೊಕ್ಕು ಕಾಣಿಸಿತು. ಹಾಲಸಿದ್ದನ ಎದೆಯ ಮೇಲೆ ಎರಡಂಗುಲ ರಕ್ತದ ಗೆರೆ ಮೂಡಿತ್ತು. ಅದನ್ನು ಅವನು ಪದಕದಂತೆ ಇಬ್ಬರಿಗೂ ತೋರಿಸಿದ.

ಶಿವಗಂಗವ್ವ ಮೂಗೊರೆಸಿಕೊಂಡು ಎದ್ದಳು. ಜಾಲರಿಯ ಬದಿಯ ಕಿಂಡಿಯಿಂದ ರವದಿಯ ಕಂತೆಗಳನ್ನು ಒಳಗೆ ದೂಡಿ, ಮೂಲೆಯೇ ಉಳಿಯದಂತೆ ನಾಲ್ಕೂ ಕಡೆ ತುಂಬಿಸಿದಳು. ಗೂಡು ಒಳಗಿನಿಂದ ಬುಟ್ಟಿಯಂತೆ ದುಂಡಗಾಯಿತು. ಇನ್ನು ಒತ್ತಲು ಜಾಗವಿಲ್ಲ. ಮರಿಗಳು ಹರಡಿ, ಹಾಲಸಿದ್ದನ ಕಂಬಳಿಯ ಸುತ್ತ ನಿರಾಳವಾಗಿ ಕುಳಿತವು.

ಅವನು ಹೊರಬರಲು ಬಾಗಿಲ ಕಡೆ ತೆವಳಿದ. ಮರಿಗಳೆಲ್ಲ ಬಾಗಿಲ ಸಂದಿಗೆ ಓಡಿ ಒಂದರ ಮೇಲೊಂದು ಬಿದ್ದವು. ಅವನು ಮರಳಿ ನಡುವೆ ಕುಳಿತ; ಅವೂ ಮರಳಿ ಹರಡಿದವು. ಮೂರು ಸಲ ನೋಡಿದ, ಮೂರು ಸಲವೂ ಹಾಗೆಯೇ.

"ಇವತ್ತೊಂದಿನ ಅಲ್ಲೇ ಕುಂದರ್ರಿ," ಎಂದಳು ಶಿವಗಂಗವ್ವ. ಮೂವತ್ತು ವರ್ಷ ಬಯಲಲ್ಲಿ ಮಲಗಿದ ಮಹಾನುಭಾವನಿಗೆ ಆಕ್ಷೇಪಣೆಗೆ ದಾರಿಯೆಲ್ಲಿ?

ಬೆಳಗಿನ ಮಂಜಿನಲ್ಲಿ ಆಕೆ ಬಂದಳು. ಗೋಣಿತಟ್ಟು ಸರಿಸಿದಳು. ಬೆರಳು ಮಾಡಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಹಾಲಸಿದ್ದನ ಭುಜದ ಮೇಲಿನದನ್ನೂ ಮಡಿಲಿನ ಐದನ್ನೂ ಸೇರಿಸಿದಳು.

"ಮೂವತ್ತೆರಡೂ ಅದಾವ್ರಿ!" ಆಕೆಯ ಮುಖ ಅರಳಿದ್ದನ್ನು ಕಂಡು ಅವನ ಚಳಿ ಅರ್ಧ ಇಳಿಯಿತು. ಉಳಿದರ್ಧ ಮೊಣಕಾಲಿನಲ್ಲಿತ್ತು.

"ಹಂಗಾರ ನಾ ಬರತೇನಿ ಇನ್ನ," ಎಂದು ಅವನು ಗಾಂಭೀರ್ಯದಿಂದ ಒಂದು ಕಾಲು ಎತ್ತಿದ. ಮರಿಗಳೆಲ್ಲ ಧಡಕ್ಕನೆ ಎದ್ದು ಬಾಗಿಲತ್ತ ತಿರುಗಿದವು.

"ಏ ಏ, ಕುಂದರ್ರಿ ಕುಂದರ್ರಿ!"

ಕುಳಿತ. ಸ್ವಲ್ಪ ಹೊತ್ತಿನಲ್ಲಿ ಕಿಂಡಿಯಿಂದ ಚಹಾದ ಲೋಟ ಒಳಗೆ ಬಂತು. ಹಿಂದೆಯೇ ಹೆಂಡತಿಯ ಮೃದುವಾದ ದನಿ ಬಂತು:

"ಕುಡದು ಲ್ವಾಟಾ ಅಲ್ಲೇ ಇಡ್ರಿ. ಮಧ್ಯಾಹ್ನ ರೊಟ್ಟಿ ತರೂವಾಗ ಒಯ್ಯತೇನಿ."

ಆಮೇಲೆ, ಬೆಕ್ಕು ಅಡ್ಡಾಡುತ್ತಿದೆಯೆಂದು, ಆಕೆ ಹೊರಗಿನಿಂದ ಚಿಲಕ ಹಾಕಿಕೊಂಡು ಹೋದಳು.