ಸರಿ ಉತ್ತರಕ್ಕೆ ಬೆಳೆಯುವ ಗಿಡ

ಕೆಲಸ ಹೋಗೋ ಕಾಲಕ್ಕೇ ನಗು ಬರುವಂಥ ಘಟನೆಗಳು ಯಾಕೆ ಸಾಲುಗಟ್ಟಿ ಬರುತ್ತವೋ, ಆ ದೇವರೇ ಬಲ್ಲ. ಬೆಂಗಳೂರಿನ ಹೊಸ ತಿಪ್ಪಸಂದ್ರದಲ್ಲಿ ಕುಕ್ಕರ್ ರಿಪೇರಿ ಅಂಗಡಿಯ ಮೇಲೆ ನಮ್ಮ ಪುಟ್ಟ ಆಫೀಸಿತ್ತು. ಮಕ್ಕಳ ಮಗ್ಗಿ ಆಟದ ಸಿ.ಡಿ. ಮಾಡುತ್ತಿದ್ದೆವು. ಸರಿ ಉತ್ತರ ಕೊಟ್ಟಷ್ಟೂ ಪರದೆಯ ಮೇಲಿನ ಮಾವಿನ ಗಿಡ ದೊಡ್ಡದಾಗಬೇಕು, ತಪ್ಪಾದರೆ ಕುಗ್ಗಬೇಕು. ಹಾಗೆ ಆಡಿಸೋ ಕಂಪ್ಯೂಟರ್ ಸ್ಕ್ರಿಪ್ಟ್ ಬರೆಯೋದು ನನ್ನ ಕೆಲಸ. ಈ ಸಿ.ಡಿ.ಯ ಆರ್ಡರ್ ಕೈತಪ್ಪಿದರೆ ಆಫೀಸು ಮುಚ್ಚೋದೇ ಅಂತ ಬಾಸ್ ಮೊದಲೇ ಹೇಳಿದ್ದರು.

೧. ಸೊನ್ನೆ

ಮೊದಲ ದಿನ ಬಾಸ್ ಆಟ ತೆರೆದರು. ಬರೀ ಮಣ್ಣು.

"ಗಿಡ ಎಲ್ಲಪ್ಪಾ?"

"ಇನ್ನೂ ಒಂದೂ ಉತ್ತರ ಕೊಟ್ಟಿಲ್ವಲ್ಲ ಸಾರ್. ಪ್ರಗತಿ ಸೊನ್ನೆ, ಅದಕ್ಕೆ ಗಿಡಾನೂ ಸೊನ್ನೆ."

"ಮೊಳಕೆ ಆದ್ರೂ ಇಡು ಮಾರಾಯಾ. ಖಾಲಿ ಮಣ್ಣು ನೋಡಿದ್ರೆ ನಮ್ಮನ್ನೇ ಹೂತಂಗೆ ಕಾಣ್ತದೆ."

೨. ಎಲೆ

ಮೊಳಕೆ ಇಟ್ಟೆ, ಆದರೆ ಬೆಳವಣಿಗೆಗೆ ಮಿತಿ ಹಾಕೋದು ಮರೆತೆ. ಗಿಡ ಬೆಳೆದೂ ಬೆಳೆದೂ ಪರದೆ ತುಂಬಾ ಬರೀ ಕಾಂಡ. ಒಂದೊಂದೇ ಎಲೆ ಕೂತು ಬರೆದಿದ್ದ ಶಿವಾಜಿನಗರದ ಚಿತ್ರಗಾರ ಕಣ್ಣುಜ್ಜಿಕೊಂಡ.

"ಎಲೆ ಎಲ್ಲಿ ಭಾಯ್?"

"ಪರದೆ ದಾಟಿ ಮೇಲಕ್ಕೆ ಹೋಗಿವೆ."

"ಹಂಗಾದ್ರೆ ನಾನ್ ಬರೆದ ಎಲೆ ನೋಡಕ್ಕೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್‌ವರೆಗೂ ಹೋಗ್ಬೇಕಾ?"

೩. ಏಳೆಂಟ್ಲಿ

ಕೊಳ್ಳುವ ಕಂಪನಿಯ ಅಧಿಕಾರಿ ಮೊದಲು ಒಪ್ಪಬೇಕು, ಆಮೇಲೆ ಅವರ ಮೇಲಿನ ಮೇಡಂ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಏಳೆಂಟ್ಲಿ ಎಷ್ಟು ಅಂತ ಆಟ ಕೇಳಿತು. ಅಧಿಕಾರಿ ಠೀವಿಯಿಂದ ಐವತ್ತನಾಲ್ಕು ಒತ್ತಿದರು. ಪ್ರಗತಿಯ ಲೆಕ್ಕ ಸೊನ್ನೆಗಿಂತ ಕೆಳಗಿಳಿಯಿತು, ಗಿಡ ತಲೆಕೆಳಗಾಯಿತು. ಮತ್ತೆ ಅದನ್ನೇ ಒತ್ತಿದರು. ಗಿಡ ಮಣ್ಣಿನೊಳಗೇ ಇನ್ನಷ್ಟು ಉದ್ದ ಬೆಳೆಯಿತು.

"ಇದೇನ್ರೀ ಅವಲಕ್ಷಣ?"

ಉತ್ತರ ತಪ್ಪು ಅನ್ನೋ ಧೈರ್ಯ ಯಾರಿಗಿದೆ? ಬಾಸ್ ನನ್ನ ಕಡೆ ಕೈ ತೋರಿಸಿದರು. "ನಮ್ ಹುಡುಗನ ತಪ್ಪು ಸಾರ್." ಆಮೇಲೆ ನನ್ನನ್ನು ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋಗಿ, "ಅವರು ಹೇಳಿದ್ದೇ ಸರಿ ಅಂತ ಮಾಡ್ಬಿಡು ಮಗಾ, ಹೊಟ್ಟೆಪಾಡು" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಸರಿ ಉತ್ತರ ಐವತ್ತನಾಲ್ಕು ಅಂತ ಬದಲಾಯಿಸಿದೆ. ಈ ಸಲ ಗಿಡ ನೆಟ್ಟಗೆ ಬೆಳೆಯಿತು, ಅಧಿಕಾರಿ ಚಪ್ಪಾಳೆ ತಟ್ಟಿದರು.

ಮರುದಿನ ಅವರೇ ಮೇಡಮ್ಮನ್ನು ಕರೆತಂದರು. ಅಧಿಕಾರಿ ಎದುರಿಗಿರುವಾಗ ಅವರ ಐವತ್ತನಾಲ್ಕನ್ನು ತಿದ್ದೋ ಹಾಗಿರಲಿಲ್ಲ. ಮೇಡಂ ಐವತ್ತಾರು ಒತ್ತಿದರು. ಗಿಡ ತಲೆಕೆಳಗಾಯಿತು.

"ಮಕ್ಕಳಿಗೆ ಇದನ್ನಾ ಕಲಿಸ್ತೀರಾ?" ಅಂತ ಮೇಡಂ ಎದ್ದು ನಿಂತರು. ಆರ್ಡರ್ ಹೋಯಿತು, ನಮ್ಮೆಲ್ಲರ ಕೆಲಸವೂ ಹೋಯಿತು ಅಂತ ಬಾಸ್ ಮುಖ ನೋಡಿದರೇ ತಿಳಿಯುತ್ತಿತ್ತು.

ಅಧಿಕಾರಿ ಮೇಡಂಗೆ ಬಾಗಿಲು ತೆರೆಯುತ್ತಾ ಹೇಳಿದರು. "ನನಗೆ ನಿನ್ನೇನೇ ಅನುಮಾನ ಬಂತು ಮೇಡಂ, ಇವರಿಗೆ ಮಗ್ಗಿ ಬರಲ್ಲ."