ಗಂಡನ ಗಾಡಿಯಲ್ಲಿ ಒಂದು ಗಡಿಗೆ ಮೊಸರು

ಒಬ್ಬ ಮನುಷ್ಯ ಗಾಡಿ ಹೇಗೆ ಓಡಿಸುತ್ತಾನೆಂದು ತಿಳಿಯಲು ಅವನ ಪಕ್ಕದಲ್ಲಿ ಕೂಡಬೇಕಾಗಿಲ್ಲ, ಗಾಡಿಯಲ್ಲಿ ಸರಿಯಾದ ಉಪಕರಣ ಇಟ್ಟರೆ ಸಾಕು ಎಂದು ನಾನು ನಂಬಿದ್ದೆ. ಏಳನೇ ಇಯತ್ತೆ ಪಾಸಾದವಳಿಗೆ ಅಷ್ಟು ಧೈರ್ಯ ಇದ್ದೇ ಇರುತ್ತದೆ!

ನಮ್ಮ ಮನೆಯವರು ಗದಗಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಅವರು ತೀರಿಕೊಂಡು ಎರಡು ತಿಂಗಳಾಯಿತು. ನಾನು ಹೇಳುತ್ತಿರುವುದು ಏಳೆಂಟು ವರ್ಷಗಳ ಹಿಂದಿನ ಮಾತು. ಮಗಳು ಗಿರಿಜಾ ಚೊಚ್ಚಲ ಬಸುರಿ. ಕುಬಸದ ಶಾಸ್ತ್ರ ಮುಗಿದ ಮೇಲೆ ಅವಳನ್ನು ಮುಂಡರಗಿಯಿಂದ ಹೆರಿಗೆಗೆ ಕರೆತರಬೇಕಿತ್ತು. ಆ ರಸ್ತೆಯ ತಗ್ಗುಗಳನ್ನು ನೆನೆದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನಾನು ಕಾರಿನಲ್ಲಿದ್ದಾಗ ಅವರು ತೊಟ್ಟಿಲು ತೂಗಿದಂತೆ ಓಡಿಸುತ್ತಿದ್ದರು. ನಾನಿಲ್ಲದಾಗ?

"ರೀ, ನಾ ಇಲ್ಲದಾಗೂ ಗಾಡಿ ಹಿಂಗ ಹೊಡೀತೀರಿ?" ಎಂದು ಕೇಳಿದೆ.

"ಇಲ್ಲ, ನೀ ಇಲ್ಲದಾಗ ಕಣ್ಣ ಮುಚ್ಚಿ ಹೊಡೀತೀನಿ," ಎಂದರು.

ಎದುರುಮನೆಯ ಮಾಸ್ತರರಿಗೆ ಹೇಳಿದೆ. "ಕೇಳಿದ್ರ ಯಾರು ಖರೆ ಹೇಳ್ತಾರ ಅಕ್ಕಾರ? ಅವರಿಗೆ ಗೊತ್ತಾಗಲಾರದಂಗ ಪರೀಕ್ಷಾ ಮಾಡಬೇಕ್ರಿ," ಎಂದರು. ಸಂಶೋಧನೆ ಆರಂಭವಾಯಿತು.

ಮೊದಲ ಉಪಕರಣ, ಇಪ್ಪತ್ತು ಹಪ್ಪಳ. ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯ ಮೂಲೆಯಲ್ಲಿ ಬಚ್ಚಿಟ್ಟೆ. ಎಷ್ಟು ಒಡೆಯುತ್ತವೆಯೋ ಅಷ್ಟು ಒರಟು ಚಾಲನೆ! ಕಾರು ಶಿರಹಟ್ಟಿಗೆ ಹೋಗಿ ಬಂತು. ಗಂಟು ಬಿಚ್ಚಿದರೆ ಒಂದೂ ಹಪ್ಪಳವಿಲ್ಲ, ಬರೀ ಹಿಟ್ಟು! ಮಗಳ ಗತಿ ನೆನೆದು ಕಣ್ಣಲ್ಲಿ ನೀರು ಬಂತು. ಊಟಕ್ಕೆ ಬಡಿಸುತ್ತ ಮೆಲ್ಲಗೆ ವಿಚಾರಣೆ ಶುರು ಮಾಡಿದೆ.

"ಇವತ್ತ ಡಿಕ್ಕಿಯೊಳಗ ಏನಿತ್ರಿ?"

"ಎರಡು ಚೀಲ ಶೇಂಗಾ. ಯಾಕ?"

"ಏನಿಲ್ಲ, ಉಣ್ರಿ."

ಎರಡನೆಯ ಸಲ ತಪ್ಪು ಆಗಬಾರದೆಂದು ಗಡಿಗೆಯಲ್ಲಿ ಗಟ್ಟಿ ಮೊಸರು ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಸುತ್ತಲೂ ಹುಲ್ಲು ತುರುಕಿ, ಸ್ಟೆಪ್ನಿಯ ನಡುವೆ ಕೂಡಿಸಿದೆ. ಅಂದಿನ ಬಾಡಿಗೆ ಲಕ್ಷ್ಮೇಶ್ವರಕ್ಕೆ. ಸಂಜೆ ಬಟ್ಟೆ ಬಿಚ್ಚಿದೆ. ಬೆಣ್ಣೆ ತೇಲುತ್ತಿತ್ತು!

ಸಾಕ್ಷಿ ಸಮೇತ ಆರೋಪಿಯ ಮುಂದೆ ನಿಂತೆ. "ಇದೇನ್ರಿ?"

"ಬೆಣ್ಣಿ."

"ಯಾರು ಕಡದಾರ?"

"ನೀನ ಕಡದಿರಬೇಕು."

"ನಾ ಅಲ್ಲ, ನೀವು ಕಡದೀರಿ! ಗದಗಿನಿಂದ ಲಕ್ಷ್ಮೇಶ್ವರತನಕ!"

ಅವರು ಗಡಿಗೆಯನ್ನೂ ನನ್ನನ್ನೂ ನೋಡಿದರು. ಬೆರಳು ಅದ್ದಿ ರುಚಿ ನೋಡಿದರು. "ಛಲೋ ಬಂದೈತಿ. ಎರಡು ರೊಟ್ಟಿ ಹಾಕು," ಎಂದು ಕೂತರು.

ನಾನು ಗೆದ್ದೆನೆಂದು ಬೀಗುವಾಗ ಮಾಸ್ತರರು ಹೊಸ ತಕರಾರು ತೆಗೆದರು. "ಕಡದದ್ದು ಅವರೋ, ರಸ್ತೆನೋ? ಅದ ರಸ್ತಾದಾಗ ಬ್ಯಾರೆ ಗಾಡಿಯೊಳಗೂ ಇಟ್ಟು ನೋಡ್ರಲ್ಲ."

ನೋಡಿದೆ. ಇನ್ನೊಂದು ಗಡಿಗೆ ಮೊಸರು ತೊಡೆಯ ಮೇಲಿಟ್ಟುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಶಿರಹಟ್ಟಿ ಬರುವ ಮೊದಲೇ ಬಸ್ಸು ಒಂದು ತಗ್ಗಿಗೆ ಇಳಿಯಿತು. ಮೊಸರು ಮೇಲೆ ಹಾರಿತು. ಕೆಳಗೆ ಬಿದ್ದಾಗ ಅರ್ಧ ನನ್ನ ತಲೆಯ ಮೇಲೆ, ಅರ್ಧ ಪಕ್ಕದ ಹಿರಿಯರ ರುಮಾಲಿನ ಮೇಲೆ. "ಏನವ್ವಾ, ನನಗ್ಯಾಕ ಅಭಿಷೇಕ?" ಎಂದು ಅವರು ಕೇಳಿದರು. ಹೋಲಿಸಿ ನೋಡಲು ಗಡಿಗೆಯಲ್ಲಿ ಏನೂ ಉಳಿದಿರಲಿಲ್ಲ.

ಕೊನೆಗೆ ಎಲ್ಲ ಉಪಕರಣಗಳನ್ನೂ ಕೈಬಿಟ್ಟು, ಮಗಳನ್ನು ಕರೆತರುವ ದಿನ ನಾನೇ ಮುಂದಿನ ಸೀಟಿನಲ್ಲಿ ಕೂತೆ. ಹಿಂದೆ ಗಿರಿಜಾ, ಅವಳ ಸುತ್ತ ನಾಲ್ಕು ದಿಂಬು. ಅವರು ಎಷ್ಟು ಸಾವಕಾಶ ಓಡಿಸಿದರೆಂದರೆ, ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ, ಮುಂದೆ ಬೇವಿನ ಗಿಡದ ಕೆಳಗೆ ಬೀಡಿ ಸೇದಿ, ಮತ್ತೊಮ್ಮೆ ದಾಟಿದ! ಒಂದು ತಗ್ಗೂ ಗೊತ್ತಾಗಲಿಲ್ಲ. ಗಿರಿಜಾಗೆ ಜೋಂಪು ಹತ್ತಿತ್ತು.

ಆಗ ನನ್ನ ಕಣ್ಣಿಗೆ ಒಂದು ಆಡು ಬಿತ್ತು.

"ಆಡು! ಆಡು!" ಎಂದು ಚೀರಿ ಅವರ ತೋಳು ಜಗ್ಗಿದೆ. ಅವರು ಬ್ರೇಕ್ ತುಳಿದರು. ಕಾರು ಗಕ್ಕನೆ ನಿಂತಿತು. ದಿಂಬುಗಳೆಲ್ಲ ಮುಂದೆ ಬಂದವು. ಗಿರಿಜಾ ಹೊಟ್ಟೆ ಹಿಡಿದುಕೊಂಡು ಬಾಗಿದಳು. ನಾನು ಹಿಂದಕ್ಕೆ ತಿರುಗಿದೆ.

"ಯವ್ವಾ ನನ್ನ ಮಗಳ! ಏನಾತು?"

ಅವಳು ತಲೆ ಎತ್ತಿದಳು. ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಿದ್ದಳು!

ನಮ್ಮ ಮನೆಯವರು ಮಾತ್ರ ನಗಲಿಲ್ಲ. "ಆಡು ಎಲ್ಲೈತಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

"ಅಲ್ಲಿ, ಆ ಹೊಲದಾಗ ನೋಡ್ರಿ."

"ಅದನ್ನ ಗೂಟಕ್ಕ ಕಟ್ಟ್ಯಾರಲ್ಲ!"

ಆ ಇಡೀ ದಾರಿಯಲ್ಲಿ ಮಗಳಿಗೆ ಆದ ಧಕ್ಕೆ ಅದೊಂದೇ. ಮಾಡಿದವಳು ನಾನು.

ಹೆರಿಗೆ ಸುಸೂತ್ರ ಆಯಿತು. ಅಲ್ಲಿಂದ ಮುಂದೆ ಅವರ ಕಾರು ಹತ್ತಿದವರಿಗೆಲ್ಲ ಈ ಕಥೆ ಬಾಡಿಗೆಯ ಜೊತೆ ಪುಕ್ಕಟೆ. ಈಗ ನನ್ನನ್ನು ಮಾತಾಡಿಸಲು ಬಂದವರು ಸ್ವಲ್ಪ ಅತ್ತು, ಸೆರಗಿನಿಂದ ಕಣ್ಣೊರೆಸಿಕೊಂಡು, ಅದನ್ನೇ ತೆಗೆಯುತ್ತಾರೆ. ತಡೆಯಲು ಇನ್ನು ಮನೆಯವರಿಲ್ಲವಲ್ಲ ಎಂದುಕೊಂಡು, ಮೊನ್ನೆ ಮುಂಡರಗಿಯಿಂದ ಬಂದ ಮುದುಕಿಯ ಮುಂದೆ ನಾನು ಕಥೆಯನ್ನು ಸ್ವಲ್ಪ ತಿದ್ದಿದೆ.

"ಆ ಆಡು ಹಗ್ಗ ಹರಕೊಂಡು ರಸ್ತಾಕ್ಕ ಬಂದಿತ್ತವ್ವಾ," ಎಂದೆ.

ಅವಳು ನನ್ನ ಕೈ ಹಿಡಿದುಕೊಂಡು, ಬಹಳ ಕರುಣೆಯಿಂದ ಹೇಳಿದಳು: "ಇಲ್ಲವ್ವಾ, ಗೂಟಕ್ಕ ಕಟ್ಟಿದ್ರು."