ತಿಮ್ಮಯ್ಯನವರ ಅಕ್ಷರ ತೊಳೆದವಳು

ಕೊಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ಗುಣವೆಂದು ಹೇಳಿಕೊಂಡು ತಿರುಗಿದವಳು ನಾನು. ದೋಷವೂ ಇರಬಹುದೆಂದು ತಿಳಿದದ್ದು ಮೊನ್ನೆ ಮೊನ್ನೆ. ದೇವರ ಮನೆಯ ದೀಪದ ಕಂಬದಿಂದ ಹಿಡಿದು ಬಚ್ಚಲ ನಲ್ಲಿಯವರೆಗೆ ಎಲ್ಲವೂ ಫಳಫಳ ಅನ್ನಬೇಕು. ತೊಳೆಯುವುದೆಂದರೆ ಅರ್ಧ ಪೂಜೆ ಮುಗಿದಂತೆ ಎಂದು ನನ್ನ ತಾಯಿ ಹೇಳುತ್ತಿದ್ದರು. ಉಳಿದರ್ಧಕ್ಕೆ ಹೂವು, ಊದುಬತ್ತಿ ಸಾಕು. ಆದರೆ ಲೋಕದಲ್ಲಿ ಕೊಳೆಯನ್ನೇ ಪೂಜಿಸುವ ಜನರೂ ಇದ್ದಾರೆ, ಅವರಲ್ಲೊಬ್ಬರು ನನ್ನ ಮನೆಯಲ್ಲೇ ಇದ್ದಾರೆ ಎಂಬುದು ಆ ತಾಯಿಗೆ ಗೊತ್ತಿರಲಿಲ್ಲ.

ನಮ್ಮ ಯಜಮಾನರು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ನಿವೃತ್ತರಾದ ಮೇಲೆ ಬೇರೆ ಗಂಡಸರು ವಾಕಿಂಗ್ ಹೋಗುತ್ತಾರೆ, ಇಸ್ಪೀಟು ಹಿಡಿಯುತ್ತಾರೆ. ಇವರು ಹಳೆಯ ಫೋನು ತರಲು ಶುರು ಮಾಡಿದರು. ನೆಲಮಂಗಲದ ಹೆದ್ದಾರಿ ಪಕ್ಕದ ಗುಜರಿ ಅಂಗಡಿಗಳವರಿಗೆಲ್ಲ ಇವರ ಮುಖ ಪರಿಚಯ. ಈಗ ನಮ್ಮ ನಡುಮನೆಯಲ್ಲಿ ಹನ್ನೊಂದು ಫೋನುಗಳಿವೆ. ಒಂದೊಂದು ಕಪ್ಪು ಫೋನೂ ನಮ್ಮ ರುಬ್ಬುಗುಂಡಿನಷ್ಟು ಭಾರ. ಅವುಗಳಲ್ಲಿ ಎರಡಕ್ಕೆ ತಂತಿ ಎಳೆದು ಒಂದನ್ನು ಅಡುಗೆಮನೆಯಲ್ಲಿಟ್ಟಿದ್ದಾರೆ. ಅದು ಟ್ರಿಣ್ ಅಂದಾಗ ಒದ್ದೆ ಕೈ ಒರೆಸಿಕೊಂಡು ಎತ್ತಿದರೆ, "ಸಾವಿತ್ರಿ, ಕಾಫಿ ಆಯ್ತಾ?" ಎನ್ನುತ್ತಾರೆ. ಆ ಮಾತು ಫೋನಿನಲ್ಲಿ ಒಂದು ಸಲ, ನಡುಮನೆಯಿಂದ ನೇರವಾಗಿ ಒಂದು ಸಲ, ಹೀಗೆ ಎರಡು ಸಲ ಕೇಳಿಸುತ್ತದೆ. ಹೋಗಲಿ. ಫೋನು ಊಟ ಕೇಳುವುದಿಲ್ಲ, ಮನುಷ್ಯ ಕುಡಿದು ಬರುವುದಿಲ್ಲ. ಸಂಜೆ ದೀಪ ಹಚ್ಚುವಾಗ ದಿನಕ್ಕೆ ಮೂರು ಉಪಕಾರ ನೆನೆದು ದೇವರಿಗೆ ಹೇಳುವ ಅಭ್ಯಾಸ ನನಗಿದೆ. ಅದರಲ್ಲಿ ಒಂದು ಎಷ್ಟೋ ದಿನ ಇದೇ ಆಗಿರುತ್ತದೆ.

ಇವರಂಥವರದ್ದೇ ಒಂದು ಗುಂಪಿದೆ, ಹತ್ತು ಹನ್ನೆರಡು ಜನ. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರಿ ಒಂದು ಸ್ಕ್ರೂ ಯಾವ ಕಾಲದ್ದೆಂದು ಉಪ್ಪಿಟ್ಟು ಆರುವವರೆಗೆ ವಾದ ಮಾಡುತ್ತಾರೆ. ನೆಲ ಅಗೆದು ಕೇಬಲ್ ಜೋಡಿಸುತ್ತಿದ್ದ ದೊಡ್ಡಬಳ್ಳಾಪುರದ ಹಬೀಬ್ ಸಾಬರು ಇವರಲ್ಲೆಲ್ಲ ಹಿರಿಯರು. ಹೊಸಕೋಟೆಯಿಂದ ಬರುವ ವನಜಾಕ್ಷಿ ಮೇಡಂ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಇಂದಿಗೂ ಯಾರಾದರೂ ಉದ್ದ ಮಾತಾಡಿದರೆ ನಡುವೆ ಕತ್ತರಿಸುತ್ತಾರೆ. ಪ್ರತಿ ವಸ್ತುವಿಗೂ ಒಂದು ಕಾರ್ಡು ಬರೆಯುವುದು ಅವರ ಕೆಲಸ. ಎಲ್ಲಿ ಸಿಕ್ಕಿತು, ಯಾರು ಬಳಸುತ್ತಿದ್ದರು, ಯಾವ ಭಾಗ ಬದಲಾಗಿದೆ, ಯಾರು ಬದಲಾಯಿಸಿದರು, ಎಲ್ಲವೂ ಅದರಲ್ಲಿರಬೇಕು. ಮುಚ್ಚಿಡುವ ಹಾಗಿಲ್ಲ. ಆ ಕಾರ್ಡು ಕಟ್ಟಿಕೊಂಡೇ ಆ ಫೋನುಗಳು ಶಾಲೆ ಕಾಲೇಜುಗಳಿಗೆ ಪ್ರದರ್ಶನಕ್ಕೆ ಹೋಗಿ ಮಕ್ಕಳ ಮುಂದೆ ಕೂರುತ್ತವೆ.

ಈ ಸಲ ಇವರು ತಂದದ್ದು ಮರದ ಪೆಟ್ಟಿಗೆಯ ಗೋಡೆ ಫೋನು. ಮೇಲೆ ಎರಡು ಹಿತ್ತಾಳೆ ಗಂಟೆ, ಪಕ್ಕದಲ್ಲಿ ತಿರುಗಿಸುವ ಹಿಡಿ, ಮುಂದೆ ಒಂದು ಪುಟ್ಟ ಬಾಗಿಲು. ತಂದ ದಿನ ಊಟಕ್ಕೂ ಏಳಲಿಲ್ಲ. ಬಾಗಿಲು ತೆಗೆಯುವುದು, ನೋಡುವುದು, ಮುಚ್ಚುವುದು. ಕೇಳಿದರೆ, "ಭಾನುವಾರ ಎಲ್ರೂ ಬರ್ತಾರಲ್ಲ, ಆಗ ಹೇಳ್ತೀನಿ. ಈಗ್ಲೇ ಗುಂಪಿಗೆ ಫೋಟೋ ಹಾಕ್ಬಿಟ್ರೆ ಬಂದು ನೋಡಕ್ಕೆ ಏನಿರುತ್ತೆ?" ಎಂದರು. ಮಾರನೆಯ ದಿನ ಬೂದಿಗೆರೆಯ ತಂಗಿಯ ಮನೆಗೆ ಹೋದರು. ಅದರ ಮಾರನೆಯ ದಿನ ಆಯುಧಪೂಜೆ.

ನನ್ನ ಲೆಕ್ಕ ಸರಳವಾಗಿತ್ತು. ಟೆಲಿಫೋನು ನಮ್ಮ ಮನೆಗೆ ಅನ್ನ ಹಾಕಿದ ವಸ್ತು. ಸ್ಕೂಟರಿಗೆ ಪೂಜೆ, ಮಿಕ್ಸಿಗೆ ಪೂಜೆ, ಇದಕ್ಕೆ ಬೇಡವೇ? ಬಕೆಟ್ಟಿನಲ್ಲಿ ಸೋಪು ಕಲಸಿಕೊಂಡು, ತೆಂಗಿನ ನಾರು ಹಿಡಿದು ಕುಳಿತೆ. ಗಂಟೆಗಳು ಚಿನ್ನದಂತಾದವು. ಬಾಗಿಲು ತೆಗೆದರೆ ಒಳಮೈ ತುಂಬ ಪೆನ್ಸಿಲಿನಲ್ಲಿ ಯಾರೋ ಗೀಚಿದ್ದರು. ಮಕ್ಕಳು ಗೋಡೆಗೆ ಗೀಚುತ್ತವಲ್ಲ, ಹಾಗೆ. ಅದು ಸುಲಭಕ್ಕೆ ಹೋಗಲಿಲ್ಲ. ಆದರೆ ನಾನೂ ಸುಲಭಕ್ಕೆ ಬಿಡುವವಳಲ್ಲ.

ಯಜಮಾನರು ಬಂದು, ಕುಂಕುಮವಿಟ್ಟುಕೊಂಡು ಕೂತಿದ್ದ ಪೆಟ್ಟಿಗೆ ನೋಡಿ ಮೊದಲು ನಕ್ಕರು. ಆಮೇಲೆ ಬಾಗಿಲು ತೆಗೆದರು.

"ಇಲ್ಲಿ ಬರ್ದಿದ್ದೆಲ್ಲಾ ಎಲ್ಲೇ?"

"ತೊಳೆದ್ಬಿಟ್ಟೆ ಕಣ್ರೀ. ಅಬ್ಬಾ, ಏನ್ ಗಲೀಜು!"

ಅವರು ಬೈಯಲಿಲ್ಲ. ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಳಿತುಬಿಟ್ಟರು. ಬೈದಿದ್ದರೆ ನಾನೂ ಎರಡು ಮಾತು ಅಂದು ಹಗುರಾಗುತ್ತಿದ್ದೆ. ಅಲ್ಲಿದ್ದದ್ದು ಬ್ಯಾಟರಿ ಬದಲಾಯಿಸಿದ ದಿನಗಳ ಪಟ್ಟಿಯಂತೆ. ಪ್ರತಿ ಸಾಲಿನ ಕೊನೆಗೆ 'ತಿ' ಎಂದು ರುಜು. ತಿಮ್ಮಯ್ಯನವರದು. ಹುಡುಗುತನದಲ್ಲಿ ಕೆಲಸಕ್ಕೆ ಸೇರಿದ ಇವರಿಗೆ ಸೊಂಟಕ್ಕೆ ಹಗ್ಗ ಕಟ್ಟಿ ಕಂಬ ಹತ್ತುವುದನ್ನು ಕಲಿಸಿದವರು ಆ ತಿಮ್ಮಯ್ಯನವರೇ. ಅವರು ತೀರಿಹೋಗಿ ಎಷ್ಟೋ ವರ್ಷ, ಒಂದು ಫೋಟೋ ಕೂಡ ಇಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಗುಜರಿಯಲ್ಲಿ ಬಾಗಿಲು ತೆಗೆದಾಗ ಗುರುಗಳ ಅಕ್ಷರ ಕಂಡು ಇವರು ಅಲ್ಲೇ ಕೈಮುಗಿದರಂತೆ. 'ಭಾನುವಾರ ಒಬ್ಬ ದೊಡ್ಡವರನ್ನು ತೋರಿಸುತ್ತೇನೆ' ಎಂದು ಗುಂಪಿಗೆಲ್ಲ ಆಗಲೇ ಹೇಳಿಬಿಟ್ಟಿದ್ದರು.

ಶನಿವಾರ ನನ್ನ ಉಪವಾಸದ ದಿನ, ಆಂಜನೇಯನಿಗೆ ತುಳಸಿ ಹಾರ ಹಾಕುವ ದಿನ. ಹಾಕಿ ಬಂದು ನಾನು ಮಾಡಿದ ಯೋಚನೆಯನ್ನು ಹೇಳಲು ನಾಚಿಕೆಯಾಗುತ್ತದೆ. "ರೀ, ತಿಕ್ಕುವಾಗ ಕಣ್ಣಿಗೆ ಬಿದ್ದಿತ್ತು, ಒಂದೆರಡು ಸಾಲು ನೆನಪಿದೆ. ಬರ್ದ್ಬಿಡ್ಲಾ?" ಎಂದೆ. ಅವರು ಬೇಡ ಅನ್ನಲಿಲ್ಲ, ಮಾಡು ಎಂದೂ ಅನ್ನಲಿಲ್ಲ. ಪೆನ್ಸಿಲು ಎಲ್ಲಿದೆ ಎಂದು ಮಾತ್ರ ಹೇಳಿದರು. ರಂಗೋಲಿ ಹಾಕುವ ಕೈ, ಯಾರ ಅಕ್ಷರವಾದರೂ ಬಂದೀತೆಂಬ ಧೈರ್ಯ. ಒಂದು ಸಾಲು ಬರೆದು 'ತಿ' ಹಾಕಿದೆ. ಶಾಲೆ ಹುಡುಗಿಯ ಹೋಂವರ್ಕಿನಂತೆ ಮಿರಮಿರ ಮಿಂಚಿತು. ಸತ್ತವರ ಹೆಸರಿನಲ್ಲಿ ರುಜು ಹಾಕಿದೆನಲ್ಲಾ ಎಂದು ಆಗ ಹೊಳೆಯಿತು. ಒದ್ದೆ ಬಟ್ಟೆ ತಂದು ಒರೆಸಿದೆ. ಒಂದೇ ಫೋನಿನ ಚರಿತ್ರೆಯನ್ನು ಎರಡು ಸಲ ಅಳಿಸಿದ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಭಾನುವಾರ ಎಲ್ಲರೂ ಬಂದರು. ವನಜಾಕ್ಷಿ ಮೇಡಂ ಕನ್ನಡಕ ಏರಿಸಿ, ಟಾರ್ಚು ಹಿಡಿದು ಬಾಗಿಲು ತೆಗೆದರು. "ಎಲ್ರೀ ರಾಮಣ್ಣೋರೇ ನಿಮ್ಮ ದೊಡ್ಡವರು? ಇಲ್ಲಿ ಏನೂ ಇಲ್ವಲ್ಲ!"

ನಾನು ಕೇಸರಿಬಾತಿನ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿದ್ದೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಒಂದೂ ಸುಳ್ಳು ಹೇಳದ ಯಜಮಾನರು ನೆಲ ನೋಡುತ್ತಾ, "ಹಳೇ ಮರ ನೋಡಿ... ತೇವಕ್ಕೆ ಅಳಿಸೋಗಿರ್ಬೇಕು" ಎಂದರು.

ನನ್ನ ಮಾನ ಉಳಿಸಲು ಆ ಮನುಷ್ಯ ತನ್ನ ಮಾನ ಕಳೆಯುತ್ತಿದ್ದರು. ತಡೆಯಲಾಗಲಿಲ್ಲ. "ತೇವ ತಾನಾಗಿ ಬರ್ಲಿಲ್ಲ ಮೇಡಂ. ಬಕೆಟ್ಟಲ್ಲಿ ನಾನೇ ತಂದೆ" ಎಂದೆ. ನಿನ್ನೆಯ ಪೆನ್ಸಿಲಿನ ವಿಷಯವನ್ನೂ ಹೇಳಿಬಿಟ್ಟೆ.

ಹಬೀಬ್ ಸಾಬರು ಗಡ್ಡ ನೀವಿಕೊಂಡು, "ಹೋಗ್ಲಿ ಬಿಡಿಯಮ್ಮಾ. ನಮ್ ಬೇಗಂ ನನ್ ಕೇಬಲ್ ನಕ್ಷೆ ತಗೊಂಡು ಬೀರುವಿನ ಖಾನೆಗೆ ಹಾಸ್ಬಿಟ್ಟವ್ಳೆ. ಹತ್ತು ವರ್ಷ ಅದರ್ ಮ್ಯಾಲೆ ಸೀರೆ ಇಟ್ಳು. ನಿಮ್ದೇನು ಮಹಾ?" ಎಂದರು. ಆಮೇಲೆ ಯಜಮಾನರ ಕಡೆ ತಿರುಗಿ, "ರಾಮಣ್ಣಾ, ಅಕ್ಷರ ಹೋಯ್ತು. ಆಸಾಮಿ ಹೆಂಗಿದ್ರು, ಅದನ್ನಾದ್ರೂ ಹೇಳಪ್ಪಾ" ಎಂದು ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದರು.

ಯಜಮಾನರು ಮೊದಮೊದಲು ತೊದಲಿದರು. ಆಮೇಲೆ ಮಾತು ಬಂತು. ತಿಮ್ಮಯ್ಯನವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದದ್ದು, ಸೈಕಲ್ಲಿಗೆ ತಂತಿ ಸುತ್ತಿಕೊಂಡು ಊರೂರು ಸುತ್ತುತ್ತಿದ್ದದ್ದು, ಬರೆದಿಟ್ಟರೆ ಮುಂದೆ ಬರುವವನು ಬೈಸಿಕೊಳ್ಳುವುದು ತಪ್ಪುತ್ತದೆಂದು ಹೇಳುತ್ತಿದ್ದದ್ದು. ಇವರು ಮೊದಲ ಸಲ ಕಂಬದ ಮೇಲೆ ಹೆದರಿ ಅತ್ತಾಗ ಅವರು ಕೆಳಗೆ ನಿಂತು ಭಜನೆ ಹೇಳಿದರಂತೆ. ನನಗೂ ಹೇಳದ ಸಂಗತಿ ಅದು. ವನಜಾಕ್ಷಿ ಮೇಡಂ ಒಂದು ಸಲವೂ ನಡುವೆ ಕತ್ತರಿಸಲಿಲ್ಲ. ಅಕ್ಷರ ಹೋದದ್ದು ಹೋಯಿತು, ಅದಕ್ಕೆ ಇದು ಸಮವಲ್ಲ. ಆದರೂ ಅಂದು ದೀಪದ ಮುಂದೆ ಹೇಳಲು ಒಂದು ಉಪಕಾರವಾಯಿತು.

ಕೊನೆಗೆ ಮೇಡಂ ಕಾರ್ಡು ಬರೆದರು. ನಿಯಮ ನಿಯಮವೇ. "ತಪ್ಪಿದ್ರೆ ಹೇಳಿ" ಎಂದು ಗಟ್ಟಿಯಾಗಿ ಓದಿದರು: "ಒಳಬದಿಯಲ್ಲಿ ಲೈನ್‌ಮನ್ ತಿಮ್ಮಯ್ಯನವರ ಪೆನ್ಸಿಲ್ ಬರಹವಿತ್ತು. ಸೋಪಿನ ನೀರಿನಿಂದ ತೊಳೆದು ಅಳಿಸಲಾಗಿದೆ. ತೊಳೆದವರು: ಸಾವಿತ್ರಮ್ಮ, ನೆಲಮಂಗಲ."

ಎಲ್ಲರೂ ನನ್ನ ಮುಖ ನೋಡಿದರು. ತಲೆ ತಗ್ಗಿಸಿ ಒಳಗೆ ಹೋಗಬೇಕಾದ ಹೊತ್ತು ಅದು. ಆದರೆ ಇನ್ನು ಮೇಲೆ ಎಷ್ಟೋ ಶಾಲೆಗಳಲ್ಲಿ ಎಷ್ಟೋ ಹೆಂಗಸರು, ಟೀಚರುಗಳು ಅದನ್ನು ಓದುತ್ತಾರಲ್ಲ ಎಂದು ಮನಸ್ಸು ಕೇಳಲಿಲ್ಲ.

"ಬರೀ ಸೋಪಲ್ಲಿ ಗಂಟೆ ಅಷ್ಟು ಹೊಳೆಯುತ್ತಾ ಮೇಡಂ?" ಎಂದೆ. "ಹುಣಸೆಹಣ್ಣು ಹಾಕಿದ್ದೆ. ಅದನ್ನೂ ಬರ್ಕೊಳಿ."

ಯಜಮಾನರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಮೇಡಂ ಬರೆದುಕೊಂಡರು.